ಸುರಂಗದ ಚಿನ್ನ, ಗುಜರಿಯ ಕಂಪ್ಯೂಟರು

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳಿಗೆ ಬೀಗ ಬಿದ್ದಾಗ ನೆಲದೊಳಗಿನ ಚಿನ್ನ ಮುಗಿದಿರಲಿಲ್ಲ. ಮುಗಿದಿದ್ದುದು ಲೆಕ್ಕಪುಸ್ತಕದ ಲಾಭ. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತಂದ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು. ಅದನ್ನು ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತ್ತು. ‘ನಷ್ಟದ ಉದ್ಯಮ’ ಎಂಬ ಮೊಹರು ಬಿತ್ತು. ತಲೆಮಾರುಗಳಿಂದ ಆ ಸುರಂಗಗಳಿಗೆ ಇಳಿದಿದ್ದ ಕುಟುಂಬಗಳ ಮೇಲೂ ಅದೇ ಮೊಹರು ಬಿತ್ತು.

ಎಲ್ಲೋ ಕುಳಿತವರು ಗೊತ್ತುಮಾಡಿದ ದಿನಾಂಕವೊಂದು ಮನೆಬಾಗಿಲಿಗೆ ಬಂದು ನಿಲ್ಲುವುದು ಕೆಜಿಎಫ್ ಜನರಿಗೆ ಹೊಸ ಸಂಗತಿಯಲ್ಲ. 2025ರ ಅಕ್ಟೋಬರ್ 14 ಅಂಥದೇ ಇನ್ನೊಂದು ದಿನಾಂಕ. ವಿಂಡೋಸ್ 10 ತಂತ್ರಾಂಶಕ್ಕೆ ಕೊಡುತ್ತಿದ್ದ ಸಾಮಾನ್ಯ ಭದ್ರತಾ ಪರಿಷ್ಕರಣೆಗಳನ್ನು ಮೈಕ್ರೋಸಾಫ್ಟ್ ಕಂಪನಿ ಅಂದಿಗೆ ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ವಾಯಿದೆಯನ್ನು ಪ್ರಕಟಿಸಿತು, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಲ್ಲಿ ಬಹುಪಾಲಿಗೆ ಅಲ್ಲಿ ಪ್ರವೇಶವಿಲ್ಲ. ಇದರಿಂದ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಈ ಯಂತ್ರಗಳ ಯಾವ ಭಾಗವೂ ಕೆಟ್ಟಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಬೆಳಗಿನ ಜಾವ ಮಾರಿಕುಪ್ಪಂ ಬಿಟ್ಟು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ರೈಲನ್ನು ನಂಬಿ ಬದುಕುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಣಿ ಮುಚ್ಚಿದ ಮೇಲೆ ಇಂಥ ಮನೆಗಳು ರಾಬರ್ಟ್‌ಸನ್ ಪೇಟೆಯಲ್ಲಿ, ಆಂಡರ್ಸನ್ ಪೇಟೆಯಲ್ಲಿ, ಗಣಿಕಾರ್ಮಿಕರ ಹಳೆಯ ಲೈನ್ ಮನೆಗಳಲ್ಲಿ ಬೇಕಾದಷ್ಟಿವೆ. ದುಡಿಯುವ ಮಗ ಎಸ್.ಪಿ. ರಸ್ತೆಯ ಅಂಗಡಿಯಿಂದ ಯಾವುದೋ ಕಚೇರಿ ಬಳಸಿಬಿಟ್ಟ ಕಂಪ್ಯೂಟರನ್ನು ತಂದಿದ್ದಾನೆ. ತಂಗಿಯ ಓದು, ತಂದೆಯ ಪಿಂಚಣಿ ಕಾಗದ, ಪಹಣಿ, ಅರ್ಜಿ, ಹಳೆಯ ಹಾಡು ಎಲ್ಲಕ್ಕೂ ಅದೊಂದೇ. ಈಗ ಅದರ ಪರದೆಯ ಮೇಲೆ ಹೊಸ ಯಂತ್ರ ಕೊಳ್ಳಿರೆಂಬ ಸೂಚನೆ ಮೂಡುತ್ತದೆ. ರಿಪೇರಿ ಅಂಗಡಿಯವನೂ ಅದನ್ನೇ ಹೇಳುತ್ತಾನೆ. ಮುಂದಿನ ನಿಲ್ದಾಣ ಗುಜರಿ.

ಗುಜರಿಯಲ್ಲಿ ಏನಾಗುತ್ತದೆಂಬುದನ್ನು ಕೆಜಿಎಫ್‌ನವರಿಗೆ ವಿವರಿಸಬೇಕಾಗಿಲ್ಲ. ಕಂಪ್ಯೂಟರಿನ ಸರ್ಕ್ಯೂಟ್ ಬೋರ್ಡುಗಳಲ್ಲಿ ಟನ್ನಿಗೆ ನೂರು ಗ್ರಾಂಗೂ ಮೀರಿ ಚಿನ್ನವಿರುತ್ತದೆ. ಗಣಿಯ ಕೊನೆಗಾಲದ ಅದಿರಿಗಿಂತ ಎಷ್ಟೋ ಪಟ್ಟು ಶ್ರೀಮಂತ ಅದಿರು ಅದು. ಅಧಿಕೃತ ಘಟಕಗಳ ಹೊರಗೆ, ಮೊರಾದಾಬಾದಿನ ಗಲ್ಲಿಗಳಂಥ ಕಡೆಗಳಲ್ಲಿ, ಬರಿಗೈಯಲ್ಲಿ ಬೋರ್ಡು ಸುಟ್ಟು ಆಮ್ಲದಲ್ಲಿ ಅದ್ದಿ ಲೋಹ ತೆಗೆಯುತ್ತಾರೆ. ಉಳಿದ ಕೆಸರು ಚರಂಡಿಗೆ, ಅಲ್ಲಿಂದ ಕೆರೆಗೆ, ಗದ್ದೆಗೆ. ವಿಶ್ವಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತು ಹೊರಚೆಲ್ಲಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ಕಾಲುಭಾಗಕ್ಕಿಂತಲೂ ಕಡಿಮೆ. ಒಂದು ಶತಮಾನದ ಚಿನ್ನ ತೆಗೆದು ಬಿಟ್ಟುಹೋದ ಸೈನೈಡ್ ದಿಬ್ಬಗಳು ಕೆಜಿಎಫ್‌ನ ಬೀದಿಗಳ ಪಕ್ಕದಲ್ಲೇ ನಿಂತಿವೆ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ದೂಳು ಅನ್ನದ ತಟ್ಟೆಗೂ ಬೀಳುತ್ತದೆ. ಇಂಥ 13 ದಿಬ್ಬಗಳನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ದೂಳು ತಿಂದ ಊರಿನ ಜನರೇ ಕೆಡದ ಕಂಪ್ಯೂಟರನ್ನು ಇನ್ನೊಂದು ಊರಿನ ದಿಬ್ಬಕ್ಕೆ ಸೇರಿಸಬೇಕೆ?

ಬೇಕಾಗಿಲ್ಲ. ಲಿನಕ್ಸ್ ಇದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ ತಿರುಳು, ಅದಕ್ಕೂ ಮೊದಲೇ ರಿಚರ್ಡ್ ಸ್ಟಾಲ್ಮನ್ ಆರಂಭಿಸಿದ್ದ ಗ್ನೂ ಯೋಜನೆಯ ಉಪಕರಣಗಳು, ಇವೆರಡೂ ಕೂಡಿ ಬೆಳೆದ ವ್ಯವಸ್ಥೆಯದು. ಮನೆಯಲ್ಲಿ ಅದನ್ನು ಪರೀಕ್ಷಿಸಿ ನೋಡಲು ಕಾಸು ಬೇಡ, ಧೈರ್ಯವೂ ಹೆಚ್ಚು ಬೇಡ. ಲಿನಕ್ಸ್ ಮಿಂಟ್‌ನಂಥ ಸರಳ ಆವೃತ್ತಿಯೊಂದರ ಕಡತ ಸುಮಾರು ಮೂರು ಜಿಬಿ. ಅದನ್ನು ಇಳಿಸಿಕೊಂಡು, ಸುಮ್ಮನೆ ನಕಲು ಮಾಡದೆ, ಅದಕ್ಕೆಂದೇ ಇರುವ ಚಿಕ್ಕ ತಂತ್ರಾಂಶದಿಂದ ಎಂಟು ಜಿಬಿಯ ಪೆನ್ ಡ್ರೈವಿಗೆ ಬರೆಯಬೇಕು (ಪೆನ್ ಡ್ರೈವಿನಲ್ಲಿದ್ದ ಹಳೆಯದೆಲ್ಲ ಅಳಿಸಿಹೋಗುತ್ತದೆ, ಮದುವೆಯ ಫೋಟೋಗಳಿದ್ದರೆ ಮೊದಲೇ ಎತ್ತಿಟ್ಟುಕೊಳ್ಳಿ). ಕಂಪ್ಯೂಟರನ್ನು ಆರಿಸಿ, ಪೆನ್ ಡ್ರೈವ್ ಚುಚ್ಚಿ, ಚಾಲೂ ಮಾಡುವಾಗ ಎಫ್12 ಅಥವಾ ಆ ಯಂತ್ರಕ್ಕೆ ಗೊತ್ತಾದ ಬೇರೆ ಕೀಲಿ ಒತ್ತಿದರೆ ಯಾವುದರಿಂದ ಆರಂಭವಾಗಲಿ ಎಂದು ಅದೇ ಕೇಳುತ್ತದೆ. ಕೆಲವು ನಿಮಿಷಗಳಲ್ಲಿ ಹೊಸ ಪರದೆ ತೆರೆಯುತ್ತದೆ. ಹಾರ್ಡ್ ಡಿಸ್ಕಿನಲ್ಲಿರುವ ವಿಂಡೋಸನ್ನು ಈ ಹಂತದಲ್ಲಿ ಅದು ಮುಟ್ಟುವುದಿಲ್ಲ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಮುದ್ರಕ ಒಪ್ಪುತ್ತದೆಯೇ ಎಂದು ಒಂದು ಸಂಜೆ ನೋಡಬಹುದು. ಹಿಡಿಸದಿದ್ದರೆ ಆರಿಸಿ ಪೆನ್ ಡ್ರೈವ್ ಕಿತ್ತರೆ ಹಿಂದಿನ ಯಂತ್ರ ಹಿಂದಿನಂತೆಯೇ. ಪೆನ್ ಡ್ರೈವಿನಿಂದ ನಡೆಯುವಾಗ ಎಲ್ಲವೂ ತುಸು ನಿಧಾನ. ಆ ವೇಗವನ್ನು ನೋಡಿ ತೀರ್ಪು ಕೊಡಬಾರದು. ನಾಲ್ಕು ಜಿಬಿ ಸ್ಮೃತಿಯ ಹಳೆಯ ಯಂತ್ರದಲ್ಲೂ ಅದರ ಹಗುರ ಆವೃತ್ತಿಯನ್ನು ಸ್ಥಾಪಿಸಿದ ಮೇಲೆ ಪತ್ರ ಬರೆಯುವುದು, ಅಂತರಜಾಲ ನೋಡುವುದು ಸಲೀಸು.

ಕನ್ನಡದ ಪ್ರಶ್ನೆಯನ್ನು ಕೇಳಲೇಬೇಕು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ‘ನುಡಿ’ಯಿಂದ ಮನೆಮಾತಾದ ಕೀಲಿಮಣೆ ಲಿನಕ್ಸ್‌ನಲ್ಲೂ ಲಭ್ಯವಿದೆ, ಬೆರಳುಗಳು ಹೊಸದಾಗಿ ಕಲಿಯಬೇಕಾದುದಿಲ್ಲ. ತಮಿಳು, ತೆಲುಗು ಕೀಲಿಮಣೆಗಳನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಊರಿಗೆ ಇದು ಸಣ್ಣ ಸೌಲಭ್ಯವಲ್ಲ. ಆದರೆ ಯುನಿಕೋಡಿಗೆ ಮುಂಚಿನ ಹಳೆಯ ನುಡಿ ಕಡತಗಳನ್ನು ತೆರೆದರೆ, ಆ ಅಕ್ಷರವಿನ್ಯಾಸ ಯಂತ್ರದಲ್ಲಿಲ್ಲದಿದ್ದಾಗ, ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಅವನ್ನು ಪರಿವರ್ತಿಸಿಕೊಳ್ಳುವ ಕೆಲಸ ಉಳಿದೇ ಇರುತ್ತದೆ.

ಬೆಂಗಳೂರಿನ ಲಿನಕ್ಸ್ ಉತ್ಸಾಹಿಗಳು ಹೇಳದೆ ಬಿಡುವ ತೊಡಕುಗಳು ಇನ್ನೂ ಇವೆ. ಬಂಗಾರಪೇಟೆಯ ವರ್ತಕರ ಲೆಕ್ಕ ನಡೆಯುವುದು ಟ್ಯಾಲಿಯಲ್ಲಿ. ಅದು ವಿಂಡೋಸ್‌ಗೆ ಹೆಣೆದ ತಂತ್ರಾಂಶ. ಅಂಥ ಅಂಗಡಿಯವರು ಒಂದು ಯಂತ್ರವನ್ನು ಅದಕ್ಕೇ ಮೀಸಲಿಡಬೇಕಾದೀತು. ಕೆಲವು ವೈಫೈ ಚಿಪ್ಪುಗಳಿಗೆ ಚಾಲಕ ತಂತ್ರಾಂಶವನ್ನು ಬೇರೆಯಾಗಿ ಹಾಕಬೇಕು. ಬಹಳ ಹಳೆಯ 32 ಬಿಟ್ ಯಂತ್ರಗಳನ್ನು ಲಿನಕ್ಸ್‌ನ ಪ್ರಮುಖ ಬಣಗಳೂ ಕೈಬಿಡುತ್ತಿವೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಸ್ಥಾಪನಾ ಪ್ರತಿಯೇ ಇಲ್ಲ. ಇದನ್ನು ಮುಚ್ಚಿಟ್ಟು ಪ್ರಚಾರ ಮಾಡುವವರು ಮೊದಲ ಸಂಜೆಯೇ ಒಬ್ಬ ಬಳಕೆದಾರನನ್ನು ಕಳೆದುಕೊಳ್ಳುತ್ತಾರೆ.

ಇನ್ನೊಂದು ಆಕ್ಷೇಪ ಬೀದಿಬದಿಯದು: ‘ವಿಂಡೋಸೂ ಪುಕ್ಕಟೆಯೇ ಅಲ್ಲವೇ?’ ಅಂಗಡಿಯವನು ಹಾಕಿಕೊಡುವ ಕಳ್ಳಪ್ರತಿಯನ್ನು ನೆನೆದು ಕೇಳುವ ಪ್ರಶ್ನೆ. ಕಳ್ಳಪ್ರತಿಯಿಂದ ಕಂಪನಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚು. ಎರಡು ದಶಕಗಳ ಪುಕ್ಕಟೆ ಅಭ್ಯಾಸದ ಫಲವಾಗಿ ಬೇರೊಂದು ವ್ಯವಸ್ಥೆ ಇದೆಯೆಂಬುದೇ ಊರಿಗೆ ಮರೆತುಹೋಗಿದೆ. ಬೀಜದ ಕಥೆ ಬಲ್ಲ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಹೈಬ್ರಿಡ್ ಬೀಜ ಮೊದಲ ವರ್ಷ ಸಬ್ಸಿಡಿಯಲ್ಲಿ ಬರುತ್ತದೆ, ನಾಟಿ ತಳಿ ಕಣಜದಿಂದ ಮಾಯವಾಗುತ್ತದೆ, ಮೂರನೆಯ ವರ್ಷ ಅಂಗಡಿಯವನು ಹೇಳಿದ್ದೇ ಬೆಲೆ. ಬೀಜ ಉಳಿಸಿ, ಬಿತ್ತಿ, ನೆರೆಯವರೊಡನೆ ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ರೈತರಿಗೆ 2001ರ ಸಸ್ಯ ತಳಿ ಸಂರಕ್ಷಣಾ ಕಾಯ್ದೆ ಮಾನ್ಯಮಾಡಿದೆ. ಲಿನಕ್ಸ್‌ನ ಪರವಾನಗಿ ಪತ್ರ ತಂತ್ರಾಂಶಕ್ಕೆ ಕೊಡುವುದೂ ಬಹುಮಟ್ಟಿಗೆ ಅದೇ ಹಕ್ಕನ್ನು: ನಕಲು ಮಾಡು, ತಿದ್ದು, ಹಂಚು, ಹಂಚಿದವನಿಗೂ ಅದೇ ಹಕ್ಕು ಉಳಿಸು.

ಇದು ಆಗದ ಮಾತೆನ್ನುವವರು ಕಾಸರಗೋಡಿನತ್ತ ನೋಡಬೇಕು. ಎರಡು ದಶಕಗಳಿಂದ ಕೇರಳದ ಸರ್ಕಾರಿ ಶಾಲೆಗಳು ಕಂಪ್ಯೂಟರ್ ಪಾಠವನ್ನು ಸ್ವತಂತ್ರ ತಂತ್ರಾಂಶದಲ್ಲೇ ಕಲಿಸುತ್ತಿವೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಗಡಿಯ ಆಚೆಯ ಕನ್ನಡದ ಮಗುವಿಗೆ ಸಾಧ್ಯವಾದದ್ದು ಬಂಗಾರಪೇಟೆಯ ಮಗುವಿಗೆ ಏಕೆ ಅಸಾಧ್ಯ? ಉತ್ತರ ತಂತ್ರಜ್ಞಾನದಲ್ಲಿಲ್ಲ, ಇಲಾಖೆಗಳ ಖರೀದಿ ಕಡತಗಳಲ್ಲಿದೆ.

2023ರ ಏಪ್ರಿಲಿನಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ತಯಾರಕರ ಹೊಣೆಯನ್ನು ಅಳೆಯುವುದು ಮುಖ್ಯವಾಗಿ ಮರುಸಂಸ್ಕರಣೆಯ ಪ್ರಮಾಣಪತ್ರಗಳಿಂದ. ಹೆಣವನ್ನು ಹೇಗೆ ಸುಡಬೇಕೆಂಬುದಕ್ಕೆ ನಿಯಮ, ಬದುಕಿದ್ದವನನ್ನು ಸತ್ತನೆಂದು ಘೋಷಿಸುವವನಿಗೆ ಕೇಳುವವರಿಲ್ಲ. ಯಂತ್ರ ಮಾರಿದ ಕಂಪನಿ, ಅದನ್ನು ನಡೆಸುವ ತಂತ್ರಾಂಶದ ಕಂಪನಿ, ಇಬ್ಬರೂ ಎಷ್ಟು ವರ್ಷ ಪರಿಷ್ಕರಣೆ ಕೊಡಬೇಕೆಂಬುದನ್ನು ಇದೇ ನಿಯಮಗಳಲ್ಲಿ ಬರೆಯಿಸಬೇಕೆಂಬ ಒತ್ತಾಯ ಪರಿಸರ ಸಂಘಟನೆಗಳಿಂದ ಬರಬೇಕು. ಹಾಗೆ ಒತ್ತಾಯಿಸಲು ಹೊರಟ ಸಂಘಟನೆಗಳ ಕಚೇರಿಗಳಲ್ಲೇ ಮನವಿಪತ್ರಗಳು ಟೈಪಾಗುತ್ತಿರುವುದು ಯಾವ ತಂತ್ರಾಂಶದಲ್ಲಿ, ಅದರ ಪ್ರತಿ ಎಲ್ಲಿಂದ ಬಂತು ಎಂದು ಕೇಳಿದರೆ ಹಲವರು ಮುಖ ತಿರುಗಿಸುತ್ತಾರೆ. ಆ ಕಚೇರಿಯ ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟ ಹಳೆಯ ಕಂಪ್ಯೂಟರೊಂದು ಇದ್ದೇ ಇರುತ್ತದೆ. ಮುಂದಿನ ಸಭೆಗೆ ಯಾರಾದರೊಬ್ಬರು ಎಂಟು ಜಿಬಿಯ ಪೆನ್ ಡ್ರೈವ್ ತರಲಿ, ಮತ್ತೊಬ್ಬರು ದೂಳು ಒರೆಸಲು ಬಟ್ಟೆ ತರಲಿ.