ಗಣಿ ಮುಚ್ಚಿದರು, ಬೂದಿ ನಮ್ಮ ಪಾಲಿಗೆ ಬಂತು

ಗಣಿ ಮುಚ್ಚಿದರೆ ಕಲ್ಲಿದ್ದಲು ಸುಡುವುದೂ ನಿಲ್ಲುತ್ತದೆ ಎಂದು ನಂಬುವವರು ಒಮ್ಮೆ ಪಡುಬಿದ್ರಿ ಹತ್ತಿರದ ಎಲ್ಲೂರಿಗೆ ಬಂದು ನೋಡಲಿ. ಅಲ್ಲಿನ 1200 ಮೆಗಾವಾಟ್ ಸ್ಥಾವರ ನಡೆಯುವುದೇ ವಿದೇಶಿ ಕಲ್ಲಿದ್ದಲಿನಿಂದ. ಅದು ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬಂದು, ಅಲ್ಲಿಂದ ರೈಲು ಹತ್ತುತ್ತದೆ. ಲಾಭ ಎಲ್ಲಿಗೋ ಹೋಗುತ್ತದೆ, ಬೂದಿ ಮಾತ್ರ ನಮ್ಮಲ್ಲೇ ಉಳಿಯುತ್ತದೆ. ಪರಿಸರ ಹಾನಿಗಾಗಿ ಹಸಿರು ನ್ಯಾಯಮಂಡಳಿ 2022ರಲ್ಲಿ ಈ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ಪರಿಹಾರ ವಿಧಿಸಿತ್ತು.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಇಲ್ಲ, ನಿಜ. ಆದರೆ ನಮ್ಮ ರಾಜ್ಯದ ಕೆಪಿಸಿಎಲ್‌ಗೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್‌ನಲ್ಲಿ ಗಣಿ ಇತ್ತು. ಜೀನ್ಸ್ ಮಾಲಿಗೆಂದು ನಾನು ರಾಯದುರ್ಗಕ್ಕೆ ಹೋಗುವುದುಂಟು. ಅಲ್ಲಿಂದ ಬಳ್ಳಾರಿ ದಾಟಿ ಹೊಸಪೇಟೆ ಕಡೆ ಹೊರಟರೆ ಕುಡತಿನಿಯ ವಿದ್ಯುತ್ ಸ್ಥಾವರ ಸಿಗುತ್ತದೆ. ಬರಾಂಜ್ ಕಲ್ಲಿದ್ದಲು ಬರುತ್ತಿದ್ದದ್ದು ಅಲ್ಲಿಗೇ. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ 204 ಗಣಿ ಹಂಚಿಕೆಗಳನ್ನು ಅಕ್ರಮವೆಂದು ರದ್ದು ಮಾಡಿತು. 2015ರ ಮಾರ್ಚ್ ಮುಗಿಯುವಾಗ ಬರಾಂಜ್ ಕೂಡ ನಿಂತಿತು, ವರ್ಷಗಟ್ಟಲೆ ತೆರೆಯಲಿಲ್ಲ. ತೀರ್ಪಿನ ಮೇಲೆ ನನ್ನ ತಕರಾರಿಲ್ಲ. ಹಂಚಿದವರು, ಹಂಚಿಸಿಕೊಂಡವರು ಮಾಡಿದ ತಪ್ಪಿಗೆ ಬಿಲ್ ಕಟ್ಟುವವರು ಯಾಕೆ ದಂಡ ತೆರಬೇಕು ಎಂಬುದಷ್ಟೇ ನನ್ನ ತಕರಾರು. ಗಣಿ ನಿಂತರೂ ಕುಡತಿನಿಯ ಒಲೆ ಆರಲಿಲ್ಲವಲ್ಲ!

2022ರಲ್ಲಿ ದೇಶದಲ್ಲಿ ಕಲ್ಲಿದ್ದಲಿಗೆ ಕೊರತೆ ಬಂದಾಗ, ಶೇ. 10ರಷ್ಟು ವಿದೇಶಿ ಕಲ್ಲಿದ್ದಲು ಬೆರೆಸಿ ಎಂದು ಕೇಂದ್ರ ಸರಕಾರ ರಾಜ್ಯಗಳಿಗೆ ಹೇಳಿತು. ಉಕ್ರೇನ್ ಯುದ್ಧದಿಂದ ಅದರ ಬೆಲೆ ಗಗನಕ್ಕೇರಿದ್ದ ಹೊತ್ತು ಅದು. ಗಲ್ಫ್‌ನಲ್ಲಿ ಎಣ್ಣೆ ಬೆಲೆ ಬಿದ್ದರೆ ಮನೆಯ ಅಡುಗೆಗೆ ಏನಾಗುತ್ತದೆಂದು ಬ್ಯಾರಿ ಕುಟುಂಬಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆಯೇ ಇಂಡೋನೇಷ್ಯಾದ ಕಲ್ಲಿದ್ದಲು ದುಬಾರಿಯಾದರೆ, ಬೀಡಿ ಕಟ್ಟಿ ಸಂಸಾರ ತೂಗಿಸುವ ಉಮ್ಮನ ಕರೆಂಟ್ ಬಿಲ್ಲಿಗೂ ಅದರ ಬಿಸಿ ತಟ್ಟುತ್ತದೆ. ಬಿಲ್ಲಿನಲ್ಲಿ 'ಇಂಧನ ಹೊಂದಾಣಿಕೆ' ಎಂದು ಬರುವ ಸಾಲು ಅದೇ.

"ಗಣಿ ಮುಚ್ಚಿದರೆ ಪರಿಸರಕ್ಕೆ ಒಳ್ಳೆಯದಲ್ಲವೇ" ಎಂದು ಕೇಳುವವರಿದ್ದಾರೆ. ಒಲೆಯನ್ನು ಹಾಗೇ ಉರಿಯಲು ಬಿಟ್ಟು ಕಟ್ಟಿಗೆಯನ್ನು ಮಾತ್ರ ಪರದೇಶದಿಂದ ತರಿಸಿದರೆ ಹೊಗೆ ಕಡಿಮೆಯಾಗುತ್ತದೆಯೇ? ನಿಜವಾದ ದಾರಿ ಮಡಕಶಿರದ ಪಕ್ಕದಲ್ಲೇ ಕಾಣುತ್ತದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. ಸೂರ್ಯನನ್ನು ಯಾರೂ ಹಡಗಿನಲ್ಲಿ ತರಿಸಬೇಕಿಲ್ಲ. ಆದರೆ ಅಲ್ಲೂ ಗುತ್ತಿಗೆ ಹಣ ಜಮೀನು ಇದ್ದವರಿಗೆ ಬಂತು, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಕೈ ಖಾಲಿಯಾಯಿತು. ಗಣಿ ಮುಚ್ಚುವುದಾಗಲಿ, ಪಾರ್ಕ್ ಕಟ್ಟುವುದಾಗಲಿ, ಬಡವನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ನ್ಯಾಯವಲ್ಲ.

ದರ ಏರಿಸುವ ಮುಂಚೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಯಾರು ಬೇಕಾದರೂ ಆಕ್ಷೇಪ ಹೇಳಬಹುದು. ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ಮುಂದಿನ ಸಲ ಮನೆಮನೆಯ ಬಿಲ್ ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಲಿ. ವಿದೇಶಿ ಕಲ್ಲಿದ್ದಲಿನ ಹೆಚ್ಚುವರಿ ವೆಚ್ಚ ಎಷ್ಟು, ಅದನ್ನು ನಾವೇ ಯಾಕೆ ಕಟ್ಟಬೇಕು ಎಂದು ಕೇಳಲಿ.