ಕುಬ್ಜವೃಕ್ಷಗಳ ಬಾಯಾರಿಕೆ

ವರ್ಷಕ್ಕೆರಡು ಬಾರಿ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗುವ ಮಹಾಜನರು ತಟ್ಟೆಯಂಥ ಕುಂಡದಲ್ಲಿ ಬಿಳಲಿಳಿಸಿ ನಿಂತ ಆಲದ ಮರವನ್ನು ಕಂಡು ಬೆರಗಾಗುವುದುಂಟು. ಜಪಾನೀಯರು ಬೋನ್ಸಾಯ್ ಎಂದು ಕರೆಯುವ ಈ ಕುಬ್ಜವೃಕ್ಷಗಳು ಈಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಮಾಳಿಗೆಗಳನ್ನೂ ಏರಿವೆ. ಇದು ಸಂತೋಷದ ಸಂಗತಿಯೇ. ಆದರೆ ಇವುಗಳ ನೀರಿನ ವಿಚಾರವನ್ನು ಯಜಮಾನರು ಸಾಕಷ್ಟು ಯೋಚಿಸಿರುವಂತೆ ತೋರುವುದಿಲ್ಲ.

ಗಿಡವನ್ನು ಉಪವಾಸ ಕೆಡವಿ ಕುಗ್ಗಿಸುತ್ತಾರೆಂಬ ಅಪವಾದವು ಲೋಕದಲ್ಲಿದೆ, ಅದು ಸತ್ಯವಲ್ಲ. ಕಾಂಡವು ದಪ್ಪನಾಗಲೆಂದು ಸಸಿಯನ್ನು ಮೊದಲ ನಾಲ್ಕಾರು ವರ್ಷ ನೆಲದಲ್ಲಿಯೋ ದೊಡ್ಡ ಕುಂಡದಲ್ಲಿಯೋ ಯಥೇಚ್ಛವಾಗಿ ಬೆಳೆಯಗೊಡುತ್ತಾರೆ. ಅನಂತರವೇ ಕೊಂಬೆಗಳಿಗೆ ತಂತಿ ಸುತ್ತಿ ಬಾಗಿಸುವುದು. ತಂತಿಯು ತೊಗಟೆಯನ್ನು ಕಚ್ಚುವುದರೊಳಗೆ ಬಿಚ್ಚದಿದ್ದರೆ ಆ ಗಾಯವು ಎಷ್ಟೋ ವರ್ಷ ಮಾಯುವುದಿಲ್ಲ. ಆಲ, ಅತ್ತಿ, ಬಸರಿಗಳು ಬೇಗ ಬೆಳೆಯುವುದರಿಂದ ಅವುಗಳಲ್ಲಿ ಈ ಅಪಾಯ ಹೆಚ್ಚು. ಎರಡು ಮೂರು ವರ್ಷಗಳಿಗೊಮ್ಮೆ ಮಳೆಗಾಲದ ಆರಂಭದಲ್ಲಿ ಮರವನ್ನು ಕುಂಡದಿಂದ ಎತ್ತಿ, ಬೇರಿನ ಸುಮಾರು ಮೂರರಲ್ಲೊಂದು ಭಾಗವನ್ನು ಕತ್ತರಿಸಿ, ಹೊಸ ಮಣ್ಣು ಕೊಡಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಯನ್ನು ಈ ಕಲಾವಿದರು ಅರ್ಧ ಸುಳ್ಳು ಮಾಡಿದ್ದಾರೆನ್ನಬಹುದು. ಅವರ ಮರ ಬಗ್ಗುತ್ತದೆ, ಆದರೆ ಅವಸರಕ್ಕಲ್ಲ.

ಇಷ್ಟು ವರ್ಷಗಳ ಶ್ರಮವನ್ನು ನಾಶಗೊಳಿಸಲು ಚೈತ್ರದ ನಾಲ್ಕು ದಿನ ಸಾಕು. ಆಳವಿಲ್ಲದ ಕುಂಡದ ಮಣ್ಣು ಬೇಸಗೆಯಲ್ಲಿ ಒಂದೇ ಹಗಲಿಗೆ ಒಣಗುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಜನರು ಕಾದು ನಿಂತಿದ್ದಾಗ, ಕುಡಿಯುವ ನೀರನ್ನು ತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಲಿಯು ಆಜ್ಞೆ ಹೊರಡಿಸಿತು. ಆ ಆಜ್ಞೆಯನ್ನು ನಾವು ಆಕ್ಷೇಪಿಸಲಾರೆವು. ಮನುಷ್ಯರಿಗಿಲ್ಲದ ನೀರನ್ನು ಮರಕ್ಕೆ ಕೇಳುವುದು ಧರ್ಮವಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತವು ಆರಂಭವಾಯಿತು, ಇನ್ನೇನು ಚಿಂತೆ ಎನ್ನುವವರಿರಬಹುದು. ನೂರು ಕಿಲೋಮೀಟರಿನಷ್ಟು ದೂರದಿಂದ ಎತ್ತಿ ತಂದ ನೀರನ್ನು ಅಲಂಕಾರದ ಗಿಡಕ್ಕೆ ಸುರಿಯುವುದು ನಮಗಂತೂ ಸರಿಕಾಣದು. ಕೊಳವೆಬಾವಿಯ ಗಡಸು ನೀರು ಸಹ ಇವಕ್ಕೆ ಹಿತವಲ್ಲ. ಅದರ ಲವಣವು ಕುಂಡದ ಅಂಚಿನಲ್ಲಿ ಬಿಳಿಯ ಹೆಪ್ಪಾಗಿ ನಿಲ್ಲುವುದನ್ನು ಬೆಳೆಗಾರರೆಲ್ಲ ಕಂಡಿದ್ದಾರೆ.

ಮಳೆಯ ನೀರೊಂದೇ ಉಳಿದ ಮಾರ್ಗ, ಮತ್ತು ಅದೇ ಉತ್ತಮವಾದದ್ದು. ಹತ್ತು ಮರಗಳಿಗೆ ದಿನಕ್ಕೆ ಲೀಟರಿನಂತೆ ಹಿಡಿದರೂ ಮಾರ್ಚಿನಿಂದ ಮೇವರೆಗೆ 920 ಲೀಟರ್ ಆಗುತ್ತದೆ. ಹಿಂಗಾರಿನಲ್ಲಿ ತುಂಬಿ ಮುಚ್ಚಿಟ್ಟ ಸಾವಿರ ಲೀಟರಿನ ಒಂದು ತೊಟ್ಟಿ ಇದಕ್ಕೆ ಸಾಕು. ಸ್ವಂತ ಮನೆಯವರಿಗೆ ಇದೇನೂ ಕಷ್ಟವಲ್ಲ. ಬಹುಮಹಡಿ ವಸತಿಗಳಲ್ಲಿರುವವರಿಗೆ ಮಾತ್ರ ಮಾಳಿಗೆಯು ತಮ್ಮದಲ್ಲ. ಅಲ್ಲಿ ತೊಟ್ಟಿಯಿಡಲು ನಿವಾಸಿಗಳ ಸಂಘದ ಅನುಮತಿ ಬೇಕು. ಮಳೆಕೊಯ್ಲನ್ನು ಕಡ್ಡಾಯಗೊಳಿಸುವ ಕಾನೂನು 2009ರಲ್ಲಿಯೇ ಬಂದಿರುವಾಗ, ಇಂಥ ಕೋರಿಕೆಯನ್ನು ಸಂಘಗಳು ಅಂದಗೆಡುತ್ತದೆಂಬ ನೆವದಿಂದ ನಿರಾಕರಿಸುವುದು ಯುಕ್ತವಲ್ಲ. ಜಲಮಂಡಲಿಯ ಅಧಿಕಾರಿಗಳು ಮುಂದಿನ ಬೇಸಗೆಯ ದಂಡದ ಆಜ್ಞೆಗೆ ಮುಂಚೆ, ಈ ಹಿಂಗಾರಿನಲ್ಲಿಯೇ ಸಂಘಗಳಿಗೆ ಈ ವಿಷಯವನ್ನು ಬರೆದು ತಿಳಿಸುವರೆಂದು ನಂಬಿದ್ದೇವೆ.