ಹಳೆಯ ಗಾಡಿಗೆ ಬಿಡಿಭಾಗವೆಲ್ಲಿ?

ನಮ್ಮ ತಂದೆಯವರು ಹಾಲಿನ ಕ್ಯಾನುಗಳನ್ನು ಸಾಗಿಸುವುದು ಒಂದು ಹಳೆಯ ಯೆಜ್ಡಿಯಲ್ಲಿ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಶುಲ್ಕವೂ ಆ ಗಾಡಿಯ ಮೇಲೆಯೇ ಬಂದಿತೆಂದರೆ ಅತಿಶಯೋಕ್ತಿಯಲ್ಲ.

ಕಳೆದ ಮಳೆಗಾಲದಲ್ಲಿ ಅದರ ಕಿಕ್ಕರಿನ ಒಳಹಲ್ಲು ಸವೆಯಿತು. ಈ ಗಾಡಿಯಲ್ಲಿ ಕಿಕ್ಕರೇ ಗೇರಿನ ಕೋಲೂ ಹೌದು. ಒಂದು ಕೆಟ್ಟರೆ ಎರಡೂ ಕೆಟ್ಟಂತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತೊಡಗಿದ ತಯಾರಿಕೆ 1996ರಲ್ಲಿ ನಿಂತಿತು. 2022ರಲ್ಲಿ ಯೆಜ್ಡಿಯ ಹೆಸರು ಮರಳಿ ಬಂದಿತು, ನಿಜ. ಆದರೆ ಹೊಸದು ಫೋರ್ ಸ್ಟ್ರೋಕ್, ನಮ್ಮದು ಟೂ ಸ್ಟ್ರೋಕ್. ಹೆಸರು ಒಂದಾದ ಮಾತ್ರಕ್ಕೆ ಹಲ್ಲು ಕೂಡುವುದುಂಟೇ?

ಪೇಟೆಯಲ್ಲಿ ಕೊಂಡ ಡೂಪ್ಲಿಕೇಟು ಎಂಟೇ ದಿನಕ್ಕೆ ಸಡಿಲವಾಯಿತು. ಗುಜರಿಯಲ್ಲಿ ಸಿಕ್ಕಿದ್ದು ನಮ್ಮದಕ್ಕಿಂತ ಹೆಚ್ಚು ಸವೆದಿತ್ತು. ಕೊನೆಗೆ ವೃದ್ಧ ಮೆಕ್ಯಾನಿಕರೊಬ್ಬರು ಸವೆದ ಕಡೆ ಬೆಸುಗೆ ತುಂಬಿ, ಅರದಿಂದ ಒಂದೊಂದೇ ಹಲ್ಲನ್ನು ತೀಡಿ ಕೂಡಿಸಿದರು. ಇಡೀ ಒಂದು ಹಗಲು ಹಿಡಿಯಿತು. ಅಷ್ಟೂ ಹೊತ್ತು ತಂದೆಯವರು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು, ಆಸ್ಪತ್ರೆಯಲ್ಲಿ ಕುಳಿತವರಂತೆ.

ತಯಾರಿಕೆ ನಿಲ್ಲಿಸುವುದು ಮಾಲೀಕರ ಹಕ್ಕಿರಬಹುದು. ಆದರೆ ಯಾವ ಕಾರ್ಖಾನೆಯೇ ಆಗಲಿ, ನಿಂತ ಮೇಲೂ ಅಳತೆಯ ನಕ್ಷೆಗಳನ್ನು ಬೀರುವಿನಲ್ಲಿ ಬೀಗ ಹಾಕಿಡುವುದನ್ನು ನಾನು ಒಪ್ಪಲಾರೆ. ಅವು ಐ.ಟಿ.ಐ.ಗಳಿಗೆ, ಸಣ್ಣ ವರ್ಕ್‌ಶಾಪುಗಳಿಗೆ ದೊರೆಯುವಂತೆ ಕಾನೂನಾಗಬೇಕು. ಗಾಡಿ ಕೊಂಡವನ ದುಡಿಮೆ ಕಾರ್ಖಾನೆಯೊಡನೆ ನಿಲ್ಲುವುದಿಲ್ಲವಷ್ಟೆ.

ಆ ಹಿರಿಯರ ಬಳಿ ನಕ್ಷೆಯಿಲ್ಲ, ಅಳತೆಯೆಲ್ಲ ಕಣ್ಣಿನಲ್ಲಿದೆ. ಆ ಕಣ್ಣಿಗೆ ಈಗ ಪೊರೆ ಬಂದಿದೆ. ಕಿಕ್ಕರನ್ನು ಕೂಡಿಸುವ ಮುನ್ನ ಅದನ್ನು ನನ್ನ ಇತಿಹಾಸದ ನೋಟ್‌ಬುಕ್ಕಿನ ಮೇಲಿಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದುಕೊಂಡೆ.